ಎರೆನೆಲದ ಕರಿಕಲ್ಲಿಗೆ ಬಿದ್ದ ಉಲ್ಕೆಯ ಪೆಟ್ಟು

ಕೋಸೈಟ್ ಎಂಬ ಅಪರೂಪದ ಖನಿಜದಲ್ಲಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ, ಅಷ್ಟೇ. ಸಾಮಾನ್ಯ ಬೆಣಚುಕಲ್ಲಿನಲ್ಲಿ ಇರುವುದೂ ಅವೇ ಎರಡು, ಪ್ರಮಾಣವೂ ಅದೇ; ಈ ವಸ್ತುವಿನ ಹೆಸರು ಸಿಲಿಕಾ. ವ್ಯತ್ಯಾಸ ಇರುವುದು ಪರಮಾಣುಗಳ ಜೋಡಣೆಯಲ್ಲಿ. ಒಂದು ಘನ ಸೆಂಟಿಮೀಟರ್ ಬೆಣಚು 2.65 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಕೋಸೈಟ್ ಸುಮಾರು 2.9 ಗ್ರಾಂ ತೂಗುತ್ತದೆ. ಇದೇ ವಸ್ತು ಇನ್ನೂ ಬಿಗಿಯಾಗಿ ಕೂಡಿದ ಸ್ಟಿಶೋವೈಟ್‌ನ ತೂಕ 4.3 ಗ್ರಾಂ ಸಮೀಪ. ಇಷ್ಟು ಒತ್ತಾಗಿ ಪರಮಾಣುಗಳು ಕೂರಬೇಕಾದರೆ ನೆಲದ ಮೇಲಿನ ಯಾವ ಸಾಮಾನ್ಯ ಬಲವೂ ಸಾಲದು. ಒಂದೋ ಭೂಮಿಯ ಬಹಳ ಆಳಕ್ಕೆ ಇಳಿಯಬೇಕು, ಇಲ್ಲವೇ ಆಕಾಶದಿಂದ ಪೆಟ್ಟು ಬೀಳಬೇಕು.

ಎರಡೂ ಖನಿಜಗಳು ಮೊದಲು ಕಂಡದ್ದು ಪ್ರಯೋಗಾಲಯದಲ್ಲಿ, ಆಮೇಲೆ ನಿಸರ್ಗದಲ್ಲಿ. ಅಮೆರಿಕದ ರಸಾಯನಶಾಸ್ತ್ರಜ್ಞ ಲೋರಿಂಗ್ ಕೋಸ್ 1953ರಲ್ಲಿ ಮೊದಲನೆಯದನ್ನು ತಯಾರಿಸಿದರು. 1960ರಲ್ಲಿ ಎಡ್ವರ್ಡ್ ಚಾವೊ, ಯೂಜೀನ್ ಶೂಮೇಕರ್ ಮತ್ತು ಸಂಗಡಿಗರು ಅರಿಝೋನಾದ ಉಲ್ಕಾಕುಳಿಯ ಮರಳುಗಲ್ಲಿನಲ್ಲಿ ಅದನ್ನು ಗುರುತಿಸಿದರು. ರಷ್ಯದ ಸೆರ್ಗೈ ಸ್ಟಿಶೋವ್ 1961ರಲ್ಲಿ ತಯಾರಿಸಿದ ಎರಡನೆಯ ಖನಿಜವೂ ಮರುವರ್ಷ ಅದೇ ಕುಳಿಯಲ್ಲಿ ಸಿಕ್ಕಿತು. ಕುಳಿಯೊಂದು ಜ್ವಾಲಾಮುಖಿಯ ಬಾಯೋ ಉಲ್ಕೆ ಬಿದ್ದ ಗುಂಡಿಯೋ ಎಂಬ ಹಳೆಯ ಜಗಳಕ್ಕೆ ಅಂದಿನಿಂದ ಖನಿಜಗಳ ಸಾಕ್ಷಿ ದೊರೆಯತೊಡಗಿತು.

ಪೆಟ್ಟು ಕೆಲಸ ಮಾಡುವ ರೀತಿ ಹೀಗೆ. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬರುವ ಬಂಡೆ ನೆಲಕ್ಕೆ ತಾಗಿದ ಕ್ಷಣ ಕಲ್ಲಿನೊಳಗೆ ಆಘಾತದ ಅಲೆ ಹೊರಡುತ್ತದೆ. ಅಲೆಯ ದಾರಿಯಲ್ಲಿ ಒತ್ತಡ ವಾತಾವರಣದ ಒತ್ತಡದ ಲಕ್ಷಾಂತರ ಪಟ್ಟು ಏರುತ್ತದೆ, ಕಣ್ಣು ರೆಪ್ಪೆ ಬಡಿಯುವುದರೊಳಗೆ ಇಳಿದೂ ಬಿಡುತ್ತದೆ. ಪೆಟ್ಟು ಬಿದ್ದ ಜಾಗದಲ್ಲಿ ಕಲ್ಲು ಆವಿಯಾಗುತ್ತದೆ, ಸ್ವಲ್ಪ ಆಚೆ ಕರಗುತ್ತದೆ, ಇನ್ನೂ ಆಚೆ ಕರಗದೆಯೇ ಒಳಗೊಳಗೆ ಮಾರ್ಪಡುತ್ತದೆ, ಅದರಾಚೆ ಬರಿದೇ ಬಿರುಕು ಬಿಡುತ್ತದೆ. ಹೊಸ ಖನಿಜಗಳಿಗೆ ಅನುಕೂಲವಾದದ್ದು ನಡುವಿನ ಪಟ್ಟಿ. ಅಲ್ಲಿ ಹುಟ್ಟಿದ್ದೆಲ್ಲ ಉಳಿಯುವುದೂ ಇಲ್ಲ. ಒತ್ತಡ ಇಳಿದ ಮೇಲೂ ಕಲ್ಲು ಕಾದಿದ್ದರೆ ಸ್ಟಿಶೋವೈಟ್ ಮತ್ತೆ ಹಗುರವಾದ ರೂಪಕ್ಕೆ ತಿರುಗುತ್ತದೆ. ಇವು ಅಪರೂಪವಾಗಿರುವುದಕ್ಕೆ ಹುಟ್ಟುವ ಕಷ್ಟ ಎಷ್ಟು ಕಾರಣವೋ ಉಳಿಯುವ ಕಷ್ಟವೂ ಅಷ್ಟೇ ಕಾರಣ.

ಕರ್ನಾಟಕದಲ್ಲಿ ಖಚಿತಪಟ್ಟ ಉಲ್ಕಾಕುಳಿ ಒಂದೂ ಇಲ್ಲ. ಉಲ್ಕಾಶಿಲೆಗಳು ಬಿದ್ದಿವೆ: 1865ರ ಸೆಪ್ಟೆಂಬರಿನಲ್ಲಿ ಮದ್ದೂರಿನ ಹೆಸರಿನಲ್ಲಿ ದಾಖಲಾದದ್ದು ಒಂದು, ಮರುವರ್ಷ ಉಡುಪಿಯದು ಇನ್ನೊಂದು. ಇವೆಲ್ಲ ಕೆಲವೇ ಕಿಲೋ ತೂಕದ ಕಲ್ಲುಗಳು. ಗಾಳಿಯ ತಡೆಯಲ್ಲಿ ವೇಗ ಕಳೆದುಕೊಂಡು ಬಿದ್ದ ಇಂಥವು ನೆಲದ ಕಲ್ಲನ್ನು ಬದಲಿಸಲಾರವು. ಆದರೆ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಅಂದೋಲಾದಿಂದ ಉತ್ತರಕ್ಕೆ ಗೆರೆ ಎಳೆದರೆ ಮುನ್ನೂರು ಕಿಲೋಮೀಟರಿಗೂ ಆಚೆ, ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯಲ್ಲಿ, ಲೋಣಾರ ಸರೋವರ ಸಿಗುತ್ತದೆ. ಆಳಂದ, ಅಫಜಲಪುರಗಳ ಎರೆ ಹೊಲಗಳ ಅಡಿಯಲ್ಲಿರುವ ಕರಿಕಲ್ಲೇ ಅಲ್ಲಿಯ ಕಲ್ಲು ಕೂಡ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ ಅದು, ಹೆಸರು ಬಸಾಲ್ಟ್. ದಖನ್ ಪ್ರಸ್ಥಭೂಮಿಯ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಲಾವಾ ಹೊದ್ದಿದೆ. ಜೇವರ್ಗಿಯ ಆಸುಪಾಸಿನಲ್ಲಿ ಹೊದಿಕೆ ಮುಗಿಯುತ್ತ ಬಂದು ಭೀಮಾ ಕಣಿವೆಯ ಸುಣ್ಣಕಲ್ಲು ಮೇಲೆ ಕಾಣತೊಡಗುತ್ತದೆ. ತೊಗರಿ ಬೆಳೆಯುವ ಕಪ್ಪು ಮಣ್ಣು ಹುಟ್ಟಿದ್ದು ಇದೇ ಕಲ್ಲು ಸವೆದು ಪುಡಿಯಾಗಿ.

ಲೋಣಾರದ ಕುಳಿ ಅಡ್ಡಳತೆಯಲ್ಲಿ ಸುಮಾರು 1.8 ಕಿಲೋಮೀಟರ್. 1823ರಲ್ಲಿ ಸಿ. ಜೆ. ಇ. ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಅದರ ಬಗ್ಗೆ ಬರೆದ ಮೇಲೆ ವಿದ್ವಾಂಸರ ಗಮನ ಹರಿಯಿತು. ಸ್ಥಳೀಯರಿಗೆ ಅದು ಲವಣಾಸುರನ ಬಿಲ. ವಿಷ್ಣು ಅವನನ್ನು ಕೊಂದ ನೆನಪಿಗೆ ಊರಿನಲ್ಲಿ ದೈತ್ಯಸೂದನ ದೇವಾಲಯವಿದೆ. ಸುತ್ತಲೂ ಲಾವಾ ಕಲ್ಲೇ ಇದ್ದುದರಿಂದ ಇದೂ ಜ್ವಾಲಾಮುಖಿಯ ಬಾಯಿ ಎಂದು ಬಹಳ ಕಾಲ ನಂಬಲಾಗಿತ್ತು. ನಂಬಿಕೆ ಅಸಹಜವೇನಲ್ಲ. ಆದರೆ ಈ ಲಾವಾ ಹರಿದು ಕೋಟ್ಯಂತರ ವರ್ಷ ಕಳೆದಿದ್ದರೂ ಕುಳಿಯ ಅಂಚು ಇನ್ನೂ ಸವೆಯದೆ ನಿಂತಿತ್ತು, ಆ ಲೆಕ್ಕ ಹೊಂದುತ್ತಿರಲಿಲ್ಲ.

ಜಗಳ ಬಗೆಹರಿದದ್ದು ಸರೋವರದ ತಳವನ್ನು ಕೊರೆದಾಗ. ಸ್ಮಿತ್‌ಸೋನಿಯನ್ ಸಂಸ್ಥೆಯ ಕರ್ಟ್ ಫ್ರೆಡ್ರಿಕ್ಸನ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಎ. ದುಬೆ ಮತ್ತು ಎಂ. ಎಸ್. ಬಾಲಸುಂದರಂ, ಅಮೆರಿಕದ ಡಿ. ಜೆ. ಮಿಲ್ಟನ್ 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಲೋಣಾರವನ್ನು ಉಲ್ಕಾಕುಳಿಯೆಂದು ಸಾರಿತು. ಕೊರೆದು ತೆಗೆದ ಕಲ್ಲಿನ ಚೂರುಗಳಲ್ಲಿ ಸಿಕ್ಕ ಮುಖ್ಯ ಸಾಕ್ಷಿ ಮ್ಯಾಸ್ಕೆಲಿನೈಟ್.

ಇದು ವಿಚಿತ್ರ ವಸ್ತು. ಬಸಾಲ್ಟಿನ ದೊಡ್ಡದೊಂದು ಪಾಲು ಪ್ಲೇಜಿಯೋಕ್ಲೇಸ್ ಎಂಬ ಉದ್ದನೆಯ ತಿಳಿಬಣ್ಣದ ಹರಳುಗಳಿಂದ ಆದದ್ದು. ವಾತಾವರಣದ ಒತ್ತಡದ ಎರಡು ಲಕ್ಷ ಪಟ್ಟಿಗೂ ಮಿಕ್ಕ ಆಘಾತ ಹಾಯ್ದಾಗ ಆ ಹರಳು ಕರಗುವುದಿಲ್ಲ, ಅದರ ಹೊರ ಆಕಾರವೂ ಕೆಡುವುದಿಲ್ಲ. ಒಳಗಿನ ಕ್ರಮ ಮಾತ್ರ ಪೂರ್ತಿ ಚದುರಿ ಗಾಜಾಗುತ್ತದೆ. ತೊಲೆ ಕಂಬಗಳೆಲ್ಲ ಉರುಳಿದ ಮೇಲೂ ಹೊರಗೋಡೆ ಮುಕ್ಕಾಗದೆ ನಿಂತ ವಾಡೆಯಂತೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಒಳ್ಳೆಯ ಹರಳು ತಿರುಗಿಸಿದಂತೆಲ್ಲ ಮಿನುಗಿ ಮಾಸುತ್ತದೆ, ಮ್ಯಾಸ್ಕೆಲಿನೈಟ್ ಹೇಗೆ ತಿರುಗಿಸಿದರೂ ಕಪ್ಪಾಗಿಯೇ ಉಳಿಯುತ್ತದೆ. ಯಾವ ಜ್ವಾಲಾಮುಖಿಗೂ ಈ ಕೆಲಸ ಸಾಧ್ಯವಿಲ್ಲ.

ಈ ವಸ್ತುವಿನ ಮೊದಲ ಪರಿಚಯಕ್ಕೂ ಭಾರತದ ನೆಲವೇ ಕಾರಣ. ಮದ್ದೂರಿನ ಕಲ್ಲು ಬೀಳುವುದಕ್ಕೆ ತಿಂಗಳೊಳಗಿನ ಮಾತು, 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಐದು ಕಿಲೋದಷ್ಟು ತೂಕದ ಕಲ್ಲೊಂದು ಬಿತ್ತು. ಅದನ್ನು ಪರೀಕ್ಷಿಸಿದ ವಿಯೆನ್ನಾದ ಗುಸ್ತಾವ್ ಚೆರ್ಮಾಕ್ 1872ರಲ್ಲಿ ಒಳಗಿದ್ದ ಗಾಜಿನಂಥ ವಸ್ತುವಿಗೆ ಬ್ರಿಟಿಷ್ ಮ್ಯೂಸಿಯಂನ ನೆವಿಲ್ ಸ್ಟೋರಿ ಮ್ಯಾಸ್ಕೆಲಿನ್ ಅವರ ಹೆಸರಿಟ್ಟರು. ಆ ಕಲ್ಲು ಮಂಗಳ ಗ್ರಹದ್ದೆಂದು ತಿಳಿದದ್ದು ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ. ಸಿಲಿಕಾದ ಇನ್ನೂ ದಟ್ಟವಾದ ರೂಪ ಸೈಫರ್ಟೈಟ್ ಕೂಡ ಇದೇ ಕಲ್ಲಿನಲ್ಲಿ ಸಿಕ್ಕಿತು. ಮಂಗಳದ ಮೇಲ್ಮೈಯ ಬಹುಭಾಗ ಬಸಾಲ್ಟೇ ಆಗಿರುವುದರಿಂದ, ಬಸಾಲ್ಟಿನಲ್ಲೇ ಆದ ಲೋಣಾರ ಮಂಗಳದ ಕುಳಿಗಳನ್ನು ಓದಲು ಕೈಗೆಟುಕುವ ಮಾದರಿಯಾಯಿತು.

ಲೋಣಾರದಲ್ಲಿ ಒಂದು ಕೊರತೆ ಇತ್ತು. ದಖನ್ ಬಸಾಲ್ಟಿನಲ್ಲಿ ಮೂಲತಃ ಬೆಣಚು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅಲ್ಲಿ ಕೋಸೈಟ್ ಸಿಗುವ ನಿರೀಕ್ಷೆಯೂ ಇರಲಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಲಾವಾ ಆರುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಪೊಳ್ಳಾಗಿ ಉಳಿಯುತ್ತವೆ. ಮುಂದೆ ನೀರಿನೊಂದಿಗೆ ಜಿನುಗಿ ಬಂದ ಸಿಲಿಕಾ, ಜಿಯೋಲೈಟ್‌ಗಳು ಆ ಪೊಳ್ಳುಗಳನ್ನು ತುಂಬುತ್ತವೆ. ದಖನ್ ಕರಿಕಲ್ಲನ್ನು ಒಡೆದಾಗ ಕಾಣುವ ಬಿಳಿ ಚುಕ್ಕೆ, ಹರಳುಗಳು ಇವೇ. ಲೋಣಾರದ ಕುಳಿಯಿಂದ ಹೊರಕ್ಕೆ ಸಿಡಿದ ಬಂಡೆಗಳಲ್ಲಿ, ಇಂಥ ಸಿಲಿಕಾ ತುಂಬಿದ ಗುಳ್ಳೆಗಳೊಳಗೆ ಮಾತ್ರ, ಕೋಸೈಟ್ ಕಂಡುಬಂತು. ಆಘಾತದ ಅಲೆ ಬಸಾಲ್ಟಿನಿಂದ ಗುಳ್ಳೆಗೆ ದಾಟುವಾಗ ಒಳಗಿನ ಸಿಲಿಕಾ ಅಲ್ಲಲ್ಲೇ ಕರಗಿತು, ಆ ದ್ರವದಿಂದ ಕೋಸೈಟ್ ನೇರವಾಗಿ ಹರಳುಗಟ್ಟಿತು. ಹರಳುಗಳ ಒಂದೊಂದು ಗೊಂಚಲು ಸುಮಾರು 30 ಮೈಕ್ರೋಮೀಟರ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಗುಳ್ಳೆ ತುಂಬಿದ ಖನಿಜ ಆಘಾತದಿಂದ ಹೀಗೆ ಬದಲಾದದ್ದು ಅದಕ್ಕೆ ಮುಂಚೆ ಎಲ್ಲೂ ವರದಿಯಾಗಿರಲಿಲ್ಲ. ದೊಡ್ಡ ಕುಳಿಯ ಕಥೆಗಿಂತ ಈ ಪುಟ್ಟ ಗುಳ್ಳೆಯ ಕಥೆಯೇ ಹೆಚ್ಚು ಸ್ವಾರಸ್ಯದ್ದು.

ಕೋಸೈಟ್ ಒಂದೇ ಸಿಕ್ಕರೆ ಉಲ್ಕೆ ಬಿದ್ದಿತೆಂದು ತೀರ್ಮಾನಿಸುವಂತಿಲ್ಲ. ಲಡಾಖಿನ ತ್ಸೊ ಮೊರಾರಿಯ ಕಲ್ಲುಗಳಲ್ಲೂ ಅದು ಇದೆ. ಖಂಡಗಳ ಘರ್ಷಣೆಯಲ್ಲಿ ಆಳಕ್ಕೆ ಹೋಗಿ ಮತ್ತೆ ಮೇಲೆ ಬಂದ ಕಲ್ಲುಗಳವು. ಲೋಣಾರದ ಚಪ್ಪಟೆ ಲಾವಾ ಪದರಗಳು ಅಂಥ ಪ್ರಯಾಣ ಮಾಡಿದವಲ್ಲ, ಜೊತೆಗೆ ಮ್ಯಾಸ್ಕೆಲಿನೈಟ್ ಇದೆ. ಪೆಟ್ಟಿಗೆ ಸಿಕ್ಕ ಕಲ್ಲು ಬೇರೆಯಾದರೆ ಖನಿಜವೂ ಬೇರೆಯಾಗುತ್ತದೆ. ಗ್ರಾನೈಟಿನ ಜಿರ್ಕಾನ್ ರೀಡೈಟ್ ಆಗುತ್ತದೆ, ಗ್ರಾಫೈಟ್ ವಜ್ರವಾಗುತ್ತದೆ. ರಷ್ಯದ ಪೊಪಿಗೈ ಕುಳಿಯಲ್ಲಿ ಇಂಥ ವಜ್ರಗಳಿವೆ. ಮಧ್ಯಪ್ರದೇಶದ ಢಾಲಾ ಕುಳಿ ಗ್ರಾನೈಟಿನಲ್ಲಿ ಆದದ್ದು, ಅಲ್ಲಿ ಸಾಕ್ಷಿ ನುಡಿದದ್ದು ಬೆಣಚಿನ ಕಣಗಳೊಳಗಿನ ಸಮಾನಾಂತರ ಗೆರೆಗಳು.

ಲೋಣಾರದ ವಯಸ್ಸಿನ ಬಗ್ಗೆ ಮುಖ್ಯವಾಗಿ ಎರಡು ಲೆಕ್ಕಗಳಿವೆ. ಕಾಯಿಸಿದಾಗ ಹೊಮ್ಮುವ ಬೆಳಕನ್ನು ಅಳೆಯುವ ವಿಧಾನ ಸುಮಾರು 52,000 ವರ್ಷ ಎಂದಿತು. ಕರಗಿದ ಕಲ್ಲಿನ ಆರ್ಗಾನ್ ಅಳೆದವರು 2011ರಲ್ಲಿ 5,70,000 ವರ್ಷ ಎಂದರು. ಪ್ರವಾಸಿ ಬರಹಗಳು ಇನ್ನೂ ಮೊದಲನೆಯದಕ್ಕೆ ಅಂಟಿಕೊಂಡಿವೆ, ಎರಡನೆಯದರ ಕಡೆಗೇ ವಾಲುವುದು ಸರಿ.

ಕಲಬುರಗಿ ಸೀಮೆಯ ಹೊಲದಲ್ಲಿ ಸಿಗುವ ಬಿಳಿ ಹರಳು ಕೋಸೈಟ್ ಅಲ್ಲ, ಅದಕ್ಕೆ ಪೆಟ್ಟು ಬಿದ್ದಿಲ್ಲ. ತೂಕದ ಕರಿಗಲ್ಲನ್ನು ಉಲ್ಕೆಯೆಂದು ಮಾರಲು ಬಂದವರನ್ನೂ ನಂಬಬೇಕಾಗಿಲ್ಲ. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಸಂಗ್ರಹಿಸಿ ಕಾಪಾಡುವ ಹೊಣೆ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯದು. ಲೋಣಾರ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, 2020ರಿಂದ ರಾಮ್ಸಾರ್ ತಾಣವೂ ಹೌದು. ನೋಡಲು ಹೋದವರು ಅಲ್ಲಿಯ ಕಲ್ಲನ್ನು ಅಲ್ಲಿಯೇ ಬಿಟ್ಟು ಬರಬೇಕು.