ನಾಜಲ್ ಬದಲಿಸಿದರೆ ಎಂಜಿನ್‌ಗೆ ಬಲ ಬರುತ್ತದೆಯೇ?



ದೇವನೂರಿನ ಸುತ್ತಮುತ್ತ ಮೇವು ಕತ್ತರಿಸುವ ಯಂತ್ರಕ್ಕೆ ಡೀಸೆಲ್ ಎಂಜಿನ್ ಜೋಡಿಸಿಕೊಂಡವರು ನೀವಾದರೆ ಇದನ್ನು ಓದಿ. ಜೋಳದ ಹಸಿ ದಂಟು ಕೊಟ್ಟ ಕೂಡಲೇ ಎಂಜಿನ್ ಮುಕ್ಕರಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ‘ದೊಡ್ಡ ತೂತಿನ ನಾಜಲ್ ಹಾಕಿ, ಪಂಪ್ ಸ್ವಲ್ಪ ಏರಿಸಿದರೆ 5 ಎಚ್‌.ಪಿ. ಎಂಜಿನ್ 7 ಎಚ್‌.ಪಿ. ಥರ ಎಳೆಯುತ್ತದೆ’ ಎಂದು ಯಾರಾದರೂ ಹೇಳಿಯಾರು. ಒಪ್ಪುವ ಮೊದಲು ನಿಮ್ಮ ಒಲೆಯನ್ನು ನೆನೆಸಿಕೊಳ್ಳಿ. ಊದುಗೊಳವೆ ಹಿಡಿಯದೆ ಸೌದೆಯನ್ನಷ್ಟೇ ತುರುಕಿದರೆ ಬರುವುದು ಉರಿಯಲ್ಲ, ಹೊಗೆ.

ಎಂಜಿನ್ನಿನ ಒಳಗೂ ಹಾಗೆಯೇ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ನಾಜಲ್ ಬದಲಿಸಿದರೆ ಡೀಸೆಲ್ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. ಟರ್ಬೊ ಇರುವ ದೊಡ್ಡ ಎಂಜಿನ್‌ಗಳ ಮಾತು ಬೇರೆ, ಅಲ್ಲಿ ಗಾಳಿಯನ್ನೂ ಒತ್ತಿ ತುಂಬುತ್ತಾರೆ. ನಮ್ಮ ಸಣ್ಣ ಎಂಜಿನ್‌ನಲ್ಲಿ ಉರಿಯದೆ ಉಳಿದ ಡೀಸೆಲ್ ಹೊಗೆಯಾಗಿ ಹೋಗುತ್ತದೆ. ಒಂದಿಷ್ಟು ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿಯುತ್ತದೆ. ಆಯಿಲ್ ನೀರಾಗಿ ರಿಂಗ್, ಬೇರಿಂಗ್ ಸವೆಯುತ್ತವೆ. ಹಾಲಿನ ಬಟವಾಡೆಯ ದುಡ್ಡು ಹೊಗೆಯಾಗುವುದೆಂದರೆ ಇದೇ.

ನಾಜಲ್ಲಿನ ಕೆಲಸ ಡೀಸೆಲ್ ಸುರಿಯುವುದಲ್ಲ, ಮಂಜಿನಂತೆ ಚಿಮುಕಿಸುವುದು. ಹಳೆಯ ಮಾದರಿಯ ಇಂಥ ಎಂಜಿನ್‌ಗಳಲ್ಲಿ ಅದು ತೆರೆದುಕೊಳ್ಳುವುದು ಸಾಮಾನ್ಯವಾಗಿ 200 ಬಾರ್ ಒತ್ತಡದ ಆಸುಪಾಸಿನಲ್ಲಿ. ಕಾರಿನ ಚಕ್ರದ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ಇದು ಹತ್ತಿರ ಹತ್ತಿರ ನೂರು ಪಟ್ಟು! ಇಷ್ಟು ನಾಜೂಕಾದ ಭಾಗವೆಂದೇ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ, ಈಗಿನ ಬಾಷ್, ಡೀಸೆಲ್ ಪಂಪ್ ಮತ್ತು ನಾಜಲ್‌ಗಳಿಂದ ಮನೆಮಾತಾಯಿತು. ಸ್ಪ್ರಿಂಗ್ ಸಡಿಲವಾದರೆ, ತುದಿಗೆ ಮಸಿ ಕಟ್ಟಿದರೆ ಮಂಜು ಹೋಗಿ ಹನಿ ತೊಟ್ಟಿಕ್ಕುತ್ತದೆ, ಎಳೆತ ಬೀಳುತ್ತದೆ. ಆಗ ಬೇಕಾದದ್ದು ಅದೇ ಅಳತೆಯ ನಾಜಲ್, ಸರಿಯಾದ ಒತ್ತಡ.

ಆದ್ದರಿಂದ ಖರ್ಚಿಲ್ಲದ್ದನ್ನು ಮೊದಲು ನೋಡಿ. ಯಂತ್ರದ ಬ್ಲೇಡ್ ಮೊಂಡಾಗಿದೆಯೇ? ಹೆಚ್ಚಿನ ಸಲ ದೋಷ ಎಂಜಿನ್‌ನದಲ್ಲ, ಬ್ಲೇಡಿನದು. ಸಾಣೆ ಹಿಡಿಸಿ. ಹೊಟ್ಟು, ದೂಳು ಹಾರುವ ಕೊಟ್ಟಿಗೆಯಲ್ಲಿ ಏರ್ ಕ್ಲೀನರ್ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ತೊಳೆಸಿ. ಡೀಸೆಲ್ ಫಿಲ್ಟರ್, ಬೆಲ್ಟಿನ ಬಿಗಿ ನೋಡಿ. ಆಮೇಲೂ ಹೊಗೆ ನಿಲ್ಲದಿದ್ದರೆ ನಂಜನಗೂಡಿನಲ್ಲೋ ಮೈಸೂರಿನಲ್ಲೋ ಡೀಸೆಲ್ ಪಂಪ್ ರಿಪೇರಿ ಮಾಡುವವರ ಬಳಿ ನಾಜಲ್ಲನ್ನು ಟೆಸ್ಟರ್‌ಗೆ ಹಾಕಿಸಿ, ಚಿಮುಕುವುದನ್ನು ಕಣ್ಣಾರೆ ನೋಡಿ. ಪಂಪಿನ ಸೀಲ್ ಮಾತ್ರ ಮನೆಯಲ್ಲಿ ಒಡೆಸಬೇಡಿ.

ಆ ಚಿಮುಕಿಗೆ ಎಂದೂ ಕೈ ಒಡ್ಡಬೇಡಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸೂಜಿಮೊನೆಯಷ್ಟೇ ಗಾಯ ಕಂಡರೂ, ನೋವಿಲ್ಲದಿದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಿ. ಒತ್ತಡದ ಡೀಸೆಲ್ ಚುಚ್ಚಿದೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ.