ಸ್ಟೀಲ್ ಗಿಟಾರಿಗೆ ಪೆಡಲ್: ಮೊದಲು ಕಾಲು ಕಲಿಯಲಿ

ಸ್ಟೀಲ್ ಗಿಟಾರಿಗೆ ಮೊದಲು ಯಾವ ಪೆಡಲ್ ಕೊಳ್ಳಬೇಕು ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ವಾಲ್ಯೂಮ್ ಪೆಡಲ್. ಎರಡನೆಯದು ಡಿಲೇ. ಮೂರನೆಯದಕ್ಕೆ ಅವಸರ ಬೇಡ. ಮದ್ದೂರಿನಲ್ಲಿ ಆಂಪ್ಲಿಫೈಯರ್, ಮಿಕ್ಸರ್ ರಿಪೇರಿಯ ಅಂಗಡಿ ಇಟ್ಟುಕೊಂಡು, ರಾತ್ರಿ ಆರ್ಕೆಸ್ಟ್ರಾಗಳಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಾ ಬಂದವನು ನಾನು. ಮಂಡ್ಯದ ಗಣೇಶೋತ್ಸವ, ಮಳವಳ್ಳಿ ಕಡೆಯ ಹಬ್ಬ ಜಾತ್ರೆ, ಮದ್ದೂರಿನ ಮದುವೆ ಆರತಕ್ಷತೆ, ಎಲ್ಲ ಕಡೆಯೂ ಕೂತಿದ್ದೇನೆ. ಪೆಡಲ್ಲಿನ ಒಳಗಿನ ಸರ್ಕ್ಯೂಟನ್ನೂ ವೇದಿಕೆಯ ಮೇಲೆ ಅದು ನಡೆದುಕೊಳ್ಳುವ ರೀತಿಯನ್ನೂ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ಈ ವಾದ್ಯ ನೋಡದವರಿಗೆ ಎರಡು ಮಾತು. ಸ್ಟೀಲ್ ಗಿಟಾರನ್ನು, ಅಂದರೆ ಹವಾಯಿಯನ್ ಗಿಟಾರನ್ನು, ತೊಡೆಯ ಮೇಲೋ ಸ್ಟ್ಯಾಂಡಿನ ಮೇಲೋ ಅಂಗಾತ ಮಲಗಿಸುತ್ತಾರೆ. ಬಲಗೈ ಬೆರಳುಗಳಿಗೆ ಪಿಕ್ ತೊಟ್ಟು ತಂತಿ ಮೀಟುತ್ತಾರೆ. ಎಡಗೈಯಲ್ಲಿ ಉಕ್ಕಿನ ರಾಡು. ಅದನ್ನು ತಂತಿಗಳ ಮೇಲೆ ಜಾರಿಸಿದರೆ ಸ್ವರ ಮುರಿಯದೆ ಮೇಲೆ ಕೆಳಗೆ ಹರಿಯುತ್ತದೆ. ಅಮೆರಿಕದ ಪೆಡಲ್ ಸ್ಟೀಲ್ ಎಂಬ ವಾದ್ಯದಲ್ಲಿ ಕಾಲಿನ ಪೆಡಲ್ಲುಗಳು ತಂತಿಯನ್ನೇ ಎಳೆದು ಶ್ರುತಿ ಬದಲಿಸುತ್ತವೆ. ಅದರ ಕಥೆ ಬೇರೆ. ನಾನು ಹೇಳಹೊರಟಿರುವುದು ಗಿಟಾರಿಗೂ ಸ್ಪೀಕರಿಗೂ ನಡುವೆ ವಯರಿನಲ್ಲಿ ಸೇರಿಸುವ, ನಾದ ಬದಲಿಸುವ ಪೆಟ್ಟಿಗೆಗಳ ವಿಷಯ.

ಹವಾಯಿ ದ್ವೀಪಗಳ ಜೋಸೆಫ್ ಕೆಕುಕು 19ನೇ ಶತಮಾನದ ಕೊನೆಯಲ್ಲಿ ಹೀಗೆ ರಾಡು ಜಾರಿಸಿ ನುಡಿಸುವ ಕ್ರಮವನ್ನು ಬೆಳೆಸಿದರೆನ್ನುತ್ತಾರೆ. 1940ರ ದಶಕದಲ್ಲಿ ಟೌ ಮೋ ಎಂಬ ಕಲಾವಿದರು ಕಲ್ಕತ್ತೆಯಲ್ಲಿ ನೆಲೆಸಿ ಕಲಿಸಿದರು. ಅಲ್ಲಿಂದಾಚೆ ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ ಅವರ ಸಿನಿಮಾ ಹಾಡಿನ ರೆಕಾರ್ಡುಗಳು ದೇಶದ ಮನೆಮನೆಗೆ ಹೋದವು. ಆದರೆ ಜಾರಿಸಿ ನುಡಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಗೋಟುವಾದ್ಯದಲ್ಲಿ, ಅಂದರೆ ಚಿತ್ರವೀಣೆಯಲ್ಲಿ, ಇರುವುದೂ ಇದೇ ಕೈಚಳಕ. ಮೈಸೂರು ಆಸ್ಥಾನದಲ್ಲಿ ನಾರಾಯಣ ಅಯ್ಯಂಗಾರ್ ಅದರ ದೊಡ್ಡ ವಿದ್ವಾಂಸರಾಗಿದ್ದರು. ಅವರ ಮೊಮ್ಮಗ ಚಿತ್ರವೀಣೆ ರವಿಕಿರಣ್ ಹುಟ್ಟಿದ್ದು 1967ರಲ್ಲಿ, ಮೈಸೂರಿನಲ್ಲೇ. ಇವತ್ತು ಹವಾಯಿಯನ್ ಗಿಟಾರಿನಲ್ಲಿ ಹಿಂದೂಸ್ತಾನಿ ಕೇಳಬೇಕೆನ್ನುವವರಿಗೆ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಇದ್ದಾರೆ. ಇವರನ್ನೆಲ್ಲ ಒಮ್ಮೆ ಕೇಳಿದ ಮೇಲೆ ಪೆಡಲ್ ಅಂಗಡಿಗೆ ಹೋಗುವುದು ಒಳ್ಳೆಯದು. ಕಾಪಾಡಿಕೊಳ್ಳಬೇಕಾದ್ದು ಜಾರು ಎನ್ನುವುದು ಅವರ ಕೈಯಿಂದ ತಿಳಿಯುತ್ತದೆ.

ಇನ್ನು ಸದ್ದಿನ ಮಾತು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ನಟ ಅಂಬರೀಶ್ ಅವರ ಚಿತ್ರದ ಹಾಡಿಲ್ಲದೆ ನಮ್ಮ ಕಡೆ ಆರ್ಕೆಸ್ಟ್ರಾ ಮುಗಿಯುವುದಿಲ್ಲ. ಅವರ ತಾತ ಪಿಟೀಲು ಟಿ. ಚೌಡಯ್ಯನವರು. ಮೈಕಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿಲ್ಲವೆಂದು ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿದರು. ಸುಮಾರು ಅದೇ ಕಾಲಕ್ಕೆ ಅಮೆರಿಕದಲ್ಲಿ ಹವಾಯಿಯನ್ ಗಿಟಾರಿನವರಿಗೂ ಅದೇ ಸಂಕಟ. ಬ್ಯಾಂಡಿನ ಗದ್ದಲದಲ್ಲಿ ಅವರ ವಾದ್ಯ ಕೇಳುತ್ತಿರಲಿಲ್ಲ. ಜಾರ್ಜ್ ಬೋಷಾಂಪ್ ತಂತಿಗಳನ್ನು ಸುತ್ತುವರಿಯುವಂತೆ ಅಯಸ್ಕಾಂತವನ್ನೂ ಅವುಗಳ ಕೆಳಗೆ ತಾಮ್ರದ ಸುರುಳಿಯನ್ನೂ ಇಟ್ಟರು. ಅದೇ ಪಿಕಪ್. 1932ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರಾಟಕ್ಕೆ ತಂದ ಅಲ್ಯೂಮಿನಿಯಂ ಎರಕದ ‘ಫ್ರೈಯಿಂಗ್ ಪ್ಯಾನ್’ ಸ್ಟೀಲ್ ಗಿಟಾರೇ ಆಗಿತ್ತು. ಕರೆಂಟಿನ ಗಿಟಾರ್ ವ್ಯಾಪಾರಕ್ಕೆ ಕಾಲಿಟ್ಟಿದ್ದೇ ತೊಡೆಯ ಮೇಲೆ ಮಲಗಿಸುವ ಗಿಟಾರಿನಿಂದ ಎನ್ನುವುದನ್ನು ರಾಕ್ ಗಿಟಾರಿನ ಹುಡುಗರಿಗೆ ನಾನು ಸಂತೋಷದಿಂದ ಹೇಳುತ್ತೇನೆ.

ಸದ್ದು ದೊಡ್ಡದಾಯಿತು, ಆದರೆ ಪಿಟೀಲಿಗಿರುವ ಕಮಾನು ಗಿಟಾರಿಗೆ ಇಲ್ಲ. ಮೀಟಿದ ಮರುಕ್ಷಣದಿಂದ ನಾದ ಇಳಿಯತೊಡಗುತ್ತದೆ. ಷಡ್ಜದಲ್ಲಿ ಮೀಟಿ ಪಂಚಮದವರೆಗೆ ನಿಧಾನವಾಗಿ ಎಳೆದರೆ ಪಂಚಮ ಮುಟ್ಟುವಷ್ಟರಲ್ಲಿ ದನಿ ಸೊರಗಿರುತ್ತದೆ. ವಾಲ್ಯೂಮ್ ಪೆಡಲ್ ಬೇಕಾಗುವುದು ಇಲ್ಲಿ. ಪೆಡಲನ್ನು ಅರ್ಧಕ್ಕೆ ಇಟ್ಟು ಮೀಟಬೇಕು. ನಾದ ಇಳಿಯುತ್ತಾ ಹೋದಂತೆ ಕಾಲ ಮುಂಭಾಗವನ್ನು ಮೆಲ್ಲಗೆ ಒತ್ತಬೇಕು. ಇಳಿದದ್ದನ್ನು ಕಾಲು ತುಂಬಿಕೊಡುತ್ತದೆ, ಎಳೆತ ಕೊನೆಯವರೆಗೂ ಒಂದೇ ತೂಕದಲ್ಲಿ ನಿಲ್ಲುತ್ತದೆ. ಮೀಟಿದ ಠಣ್ ಎನ್ನುವ ಸದ್ದೂ ಹಿಂದೆ ಸರಿದು ಹಾಡುವವರ ಉಸಿರು ಬರುತ್ತದೆ. ಸಿ. ಅಶ್ವತ್ಥ್ ಅವರ ಭಾವಗೀತೆಯ ಧಾಟಿಯನ್ನು ವಾಲ್ಯೂಮ್ ಪೆಡಲ್ ಇಲ್ಲದೆ ನುಡಿಸಿ, ಆಮೇಲೆ ಇಟ್ಟುಕೊಂಡು ನುಡಿಸಿ ನೋಡಿ. ನಾನು ಹೇಳುವುದೇ ಬೇಡ.

ಕೊಳ್ಳುವಾಗ ಪೆಡಲ್ಲಿನ ತಳ ನೋಡಿ. 250ಕೆ ಅಥವಾ 500ಕೆ (ಕಿಲೋ ಓಮ್) ಎಂದಿದ್ದರೆ ಸಾಮಾನ್ಯ ಪಿಕಪ್ಪಿನ ಗಿಟಾರನ್ನು ನೇರವಾಗಿ ಸೇರಿಸಬಹುದು. 25ಕೆ ಎಂದಿದ್ದರೆ ಅದು ಕೀಬೋರ್ಡಿಗೆ, ಇಲ್ಲವೇ ಬ್ಯಾಟರಿ ಇರುವ ಪಿಕಪ್ಪಿಗೆ. ಸಾಮಾನ್ಯ ಗಿಟಾರನ್ನು ಅದಕ್ಕೆ ನೇರವಾಗಿ ಸೇರಿಸಿದರೆ ಪಿಕಪ್ಪಿಗೆ ಭಾರವಾಗಿ ಮೇಲುಸ್ವರಗಳ ಹೊಳಪು ಹೋಗುತ್ತದೆ. ‘ಗಿಟಾರ್ ಮಂಕಾಯ್ತು’ ಎಂದು ನನ್ನ ಅಂಗಡಿಗೆ ತರುವವರಲ್ಲಿ ಎಷ್ಟೋ ಜನರ ಗಿಟಾರಿಗೆ ಏನೂ ಆಗಿರುವುದಿಲ್ಲ. ಇನ್ನೊಂದು, ನಾವು ಕೂತು ನುಡಿಸುವವರು. ಪೆಡಲ್ ಎತ್ತರವಾಗಿದ್ದರೆ ಮೊಣಕಾಲು ಮೇಲೆದ್ದು ತೊಡೆಯ ಮೇಲಿನ ಗಿಟಾರ್ ಓರೆಯಾಗುತ್ತದೆ. ತಗ್ಗಾದ, ತೂಕದ ಪೆಡಲ್ ಆರಿಸಿ. ದೇವಸ್ಥಾನದ ಮುಂದಿನ ವೇದಿಕೆಯಲ್ಲಿ ಚಪ್ಪಲಿ ಬಿಟ್ಟೇ ಹತ್ತಬೇಕು. ಬರಿಗಾಲಿಗೆ ಹಿಡಿತ ಸಿಗುವ ರಬ್ಬರು ಇದೆಯೇ ಎಂದು ಬರಿಗಾಲಲ್ಲೇ ಒತ್ತಿ ನೋಡಿ. ಜಾತ್ರೆ ಮೈದಾನದ ಧೂಳು ಒಳಗಿನ, ಸದ್ದು ಏರಿಳಿಸುವ ಪಾಟ್‌ಗೆ ಸೇರಿ ಕರಕರ ಸದ್ದು ಮಾಡುತ್ತದೆ. ಬಳಸದಾಗ ಬಟ್ಟೆ ಸುತ್ತಿಡಿ. ಬೆಳಕಿನ ಸೆನ್ಸರಿನ ಪೆಡಲ್ಲುಗಳಿಗೆ ಈ ಕಾಟ ಇಲ್ಲ, ಆದರೆ ದುಬಾರಿ.

ಈಗ ಡಿಲೇ. ನುಡಿಸಿದ್ದನ್ನು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿಸುವ ಪೆಡಲ್ ಇದು. ಹಳಬರು ಎಕೋ ಎನ್ನುತ್ತಾರೆ. ಇದರ ಲೆಕ್ಕ ಸುಲಭ. 60,000ವನ್ನು ಹಾಡಿನ ಲಯದಿಂದ, ಅಂದರೆ ನಿಮಿಷಕ್ಕೆ ಬೀಳುವ ತಟ್ಟುಗಳಿಂದ ಭಾಗಿಸಿದರೆ ಒಂದು ತಟ್ಟಿನ ಅವಧಿ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ನಿಮಿಷಕ್ಕೆ 80 ತಟ್ಟಿನ ಹಾಡಿಗೆ 750. ಅದರ ಅರ್ಧ 375 ಇಟ್ಟರೆ ಮರುದನಿ ತಬಲದ ಜೊತೆ ಕೂತುಕೊಳ್ಳುತ್ತದೆ. ಮರುದನಿ ಎರಡು ಮೂರು ಸಲ ಸಾಕು. ಪೆಡಲ್ ಆಫ್ ಮಾಡಿದಾಗ ಮಾತ್ರ ‘ಏನೋ ಹೋಯಿತು’ ಅನ್ನಿಸಬೇಕು, ಹಾಕಿದಾಗ ಪ್ರತ್ಯೇಕವಾಗಿ ಕೇಳಬಾರದು. ಅಷ್ಟು ಕಡಿಮೆ ಇಡಿ.

ಡಿಲೇಯಲ್ಲಿ ಎರಡು ಜಾತಿ. ಡಿಜಿಟಲ್ ಪೆಡಲ್ ನುಡಿಸಿದ್ದನ್ನು ಹಾಗೆಯೇ ಚೂಪಾಗಿ ಮರಳಿಸುತ್ತದೆ. ಅನಲಾಗ್ ಪೆಡಲ್ಲಿನಲ್ಲಿ ಪ್ರತಿ ಮರುದನಿಯೂ ಮೊದಲಿಗಿಂತ ಮಸುಕಾಗುತ್ತಾ ಹೋಗಿ, ಗಾಯಕರ ಹಿಂದೆ ತಂಬೂರಿಯವರು ಕೂತ ಹಾಗೆ ಹಿಂದೆಯೇ ಉಳಿಯುತ್ತದೆ. ಸ್ಟೀಲ್ ಗಿಟಾರಿಗೆ ನನ್ನ ಒಲವು ಅನಲಾಗ್ ಕಡೆಗೆ. ಇತ್ತೀಚಿನ ಡಿಜಿಟಲ್ ಪೆಡಲ್ಲುಗಳಲ್ಲೂ ಮಸುಕಿನ ಗುಂಡಿ ಇರುತ್ತದೆ. ಅದಿದ್ದರೆ ಯಾವುದಾದರೂ ಆದೀತು.

ರಾಗ ನುಡಿಸುವವರು ಇಲ್ಲಿ ತುಂಬ ಎಚ್ಚರದಿಂದಿರಬೇಕು. ಮೋಹನದಲ್ಲಿ ಸ್ವರಗಳ ನಡುವೆ ಜಾಗ ಜಾಸ್ತಿ, ನೆಟ್ಟಗೆ ನಿಲ್ಲುವ ಸ್ವರಗಳೂ ಹೆಚ್ಚು. ಸ್ವಲ್ಪ ಡಿಲೇ ಅಂದವೇ. ತೋಡಿಯಲ್ಲಿ ಗಾಂಧಾರ ಕಂಪಿಸುತ್ತಲೇ ಇರುತ್ತದೆ. ಆ ಕಂಪನದ ಮೇಲೆ ಅದರದ್ದೇ ಹಳೆಯ ಕಂಪನ ಬಿದ್ದರೆ ಗಾಂಧಾರವೇ ಕಾಣೆಯಾಗುತ್ತದೆ. 440 ಹರ್ಟ್ಸ್‌ನ ಸ್ವರ ಇನ್ನೂ ಗಾಳಿಯಲ್ಲಿರುವಾಗ ಅರ್ಧ ಸ್ವರ ಮೇಲಿನ 466 ನುಡಿಸಿದರೆ ಎರಡೂ ಗುದ್ದಾಡುತ್ತವೆ. ಪಿಯಾನೋ ಬಗೆಯ ಬಿಡಿಬಿಡಿ ಸ್ವರಕ್ಕಿಂತ ನಮ್ಮ ಜಾರಿಗೆ ಇದರ ಹಾನಿ ಹೆಚ್ಚು. ಆಲಾಪನೆಯಲ್ಲಿ ಡಿಲೇ ಆಫ್ ಮಾಡಿಬಿಡಿ ಎಂಬುದು ನನ್ನ ಖಂಡಿತವಾದ ಅಭಿಪ್ರಾಯ.

ಪೆಡಲ್ಲುಗಳ ಸಾಲೂ ಮುಖ್ಯ. ವಾಲ್ಯೂಮ್ ಪೆಡಲ್ ಮೊದಲು, ಡಿಲೇ ಆಮೇಲೆ. ಹೀಗಿದ್ದರೆ ಕಾಲೆತ್ತಿ ಸದ್ದು ನಿಲ್ಲಿಸಿದರೂ ಹಿಂದಿನ ಮರುದನಿ ತಾನಾಗಿ ಕರಗುತ್ತದೆ. ತಿರುವು ಮುರುವಾದರೆ ಮರುದನಿಯೂ ಕತ್ತರಿಸಿ ಬೀಳುತ್ತದೆ. ಎಲ್ಲ ಎಫೆಕ್ಟುಗಳನ್ನೂ ತುಂಬಿದ ಒಂದೇ ಪೆಟ್ಟಿಗೆ ಕೊಳ್ಳುವವರು ಅದರ ಕಾಲುಪೆಡಲನ್ನು ಡಿಲೇಗಿಂತ ಮುಂಚೆ ಇಡಲು ಬರುತ್ತದೆಯೇ ಎಂದು ಕೇಳಿ ಕೊಳ್ಳಿ. ಬಂದರೆ, ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಆ ಪೆಟ್ಟಿಗೆ ತಪ್ಪಲ್ಲ. ಹೆಸರಾದ ಕಂಪನಿಯ ಒಂದು ಹೊಸ ಡಿಲೇಯೇ ಹತ್ತು ಸಾವಿರ ರೂಪಾಯಿ ದಾಟುವ ಕಾಲ ಇದು.

ಕೋಣೆಯ ಅನುರಣನ ಸೇರಿಸುವ ರಿವರ್ಬ್ ಬೇಕೇ ಬೇಡವೇ ಎನ್ನುವುದನ್ನು ಜಾಗ ಹೇಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 17 ಮೀಟರ್ ದೂರದ ಗೋಡೆಗೆ ಬಡಿದು ವಾಪಸು ಬರಲು ಸೆಕೆಂಡಿನ ಹತ್ತನೇ ಒಂದು ಭಾಗ. ಟೈಲ್ಸ್ ಹಾಕಿದ ಕಲ್ಯಾಣ ಮಂಟಪದಲ್ಲಿ ನಾಲ್ಕೂ ಗೋಡೆ ಈ ಕೆಲಸ ಮಾಡುತ್ತಿರುವಾಗ ಪೆಡಲ್ಲಿನ ರಿವರ್ಬ್ ಸೇರಿಸಿದರೆ ಹಾಡಿನ ಗುರುತೇ ಸಿಗುವುದಿಲ್ಲ. ಬಯಲಿನಲ್ಲಿ, ಕೊಯ್ಲಾದ ಗದ್ದೆಯಲ್ಲಿ ಶಾಮಿಯಾನ ಹಾಕಿದ ಕಡೆ, ಸದ್ದು ಹೋದದ್ದು ಹೋಯಿತು. ಅಲ್ಲಿ ಸ್ವಲ್ಪ ಇರಲಿ.

ಮಳವಳ್ಳಿಯ ಒಬ್ಬ ಹುಡುಗ ಕಲಿಯಲು ಬರುತ್ತಾನೆ. “ಅಣ್ಣಾ, ಮೊದ್ಲು ಡಿಸ್ಟಾರ್ಷನ್ ತಕೊಬುಡ್ಲಾ?” ಎಂದು ಕೇಳಿದ. “ಬ್ಯಾಡ ಕಣಪ್ಪ, ಮೊದ್ಲು ಕಾಲು ಕಲೀಲಿ” ಎಂದೆ. ಡಿಸ್ಟಾರ್ಷನ್ನಿನ ಮೇಲೆ ನನಗೆ ದ್ವೇಷವಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಸ್ಟೀಲ್ ಗಿಟಾರನ್ನು ಆ ಬಿರುಸಿನ ನಾದದಲ್ಲೂ ಚೆನ್ನಾಗಿ ನುಡಿಸಿದ್ದಾರೆ. ಆದರೆ ಈ ಪೆಡಲ್ ಅಲೆಯ ತಲೆ ಕತ್ತರಿಸುತ್ತದೆ. ಎರಡು ತಂತಿ ಒಟ್ಟಿಗೆ ಮೀಟಿದಾಗ ಅವೆರಡರ ಮೊತ್ತ ಮತ್ತು ವ್ಯತ್ಯಾಸದ, ನೀವು ನುಡಿಸದ ಸ್ವರಗಳೂ ಹುಟ್ಟುತ್ತವೆ. ಷಡ್ಜ ಪಂಚಮಕ್ಕೆ ಅದು ಒಪ್ಪುತ್ತದೆ, ಬೇರೆ ಜೋಡಿಗಳಿಗೆ ರಾಡಿಯಾಗುತ್ತದೆ. ಒಂಟಿ ತಂತಿಗೆ, ಮೆಲುವಾದ ಓವರ್‌ಡ್ರೈವ್ ಸಾಕು. ಅದನ್ನು ವಾಲ್ಯೂಮ್ ಪೆಡಲ್ಲಿಗಿಂತ ಮುಂಚೆ ಇಟ್ಟರೆ ಕಾಲು ಸದ್ದನ್ನಷ್ಟೇ ಏರಿಸಿ ಇಳಿಸುತ್ತದೆ, ನಾದದ ಬಣ್ಣ ಹಾಗೇ ಇರುತ್ತದೆ. ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಮಾಡುವ ಕೆಲಸದ ಬಹುಪಾಲನ್ನು ಪಳಗಿದ ಕಾಲೇ ಮಾಡುತ್ತದೆ. ಕೋರಸ್ ಸ್ವರವನ್ನು ಅಲ್ಲಾಡಿಸುತ್ತದೆ. ರಾಡಿನಿಂದ ಅಲ್ಲಾಡಿಸುವ ನಮಗೆ ಅದು ಬೇಡ.

ಟ್ಯೂನರ್ ಪೆಡಲ್ ಅನುಕೂಲದ್ದೇ, ಆದರೆ ಅದು ತಂತಿಯನ್ನು ಸರಿಮಾಡುತ್ತದೆ, ರಾಡನ್ನಲ್ಲ. ರಾಡು ಕೂದಲೆಳೆ ಸರಿದರೂ ಅಪಸ್ವರ. ಅದಕ್ಕೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಅಭ್ಯಾಸ ಮಾಡುವುದೊಂದೇ ದಾರಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ನೆಲೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ ಕೇಳಿ ಬೆಳೆದ ಮಕ್ಕಳ ಕಿವಿ ಈ ವಿಷಯದಲ್ಲಿ ಬಲು ಚುರುಕು, ನೋಡಿದ್ದೇನೆ.

ಕರೆಂಟಿನ ಮಾತು ಹೇಳದೆ ರಿಪೇರಿಯವನು ಮುಗಿಸುವಂತಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಅಂಥ ಸೀಮೆಯಲ್ಲೂ ಹಬ್ಬದ ವೇದಿಕೆಗಳು ಈಗ ಜನರೇಟರಿನ ಮೇಲೆ ನಡೆಯುತ್ತವೆ, ಸೀರಿಯಲ್ ಸೆಟ್ಟು, ಫೋಕಸ್ ಲೈಟು ಎಲ್ಲ ಅದೇ ಲೈನಿನಲ್ಲಿ. ಗುಂಯ್ ಎನ್ನುವ 50 ಮತ್ತು 100 ಹರ್ಟ್ಸ್‌ನ ಹಮ್ ಪಿಕಪ್ಪಿಗೆ ಹತ್ತುತ್ತದೆ, ಓವರ್‌ಡ್ರೈವ್ ಅದನ್ನು ಇನ್ನಷ್ಟು ಎತ್ತುತ್ತದೆ. ಅಂಥ ಕಡೆ 9 ವೋಲ್ಟ್ ಬ್ಯಾಟರಿಯೇ ನೆಮ್ಮದಿ, ಆದರೆ ಡಿಜಿಟಲ್ ಡಿಲೇ ಬ್ಯಾಟರಿಯನ್ನು ಬೇಗ ಕುಡಿಯುತ್ತದೆ. ಅಡಾಪ್ಟರ್ ಆದರೆ ಬಹುತೇಕ ಪೆಡಲ್ಲಿಗೆ 9 ವೋಲ್ಟ್ ಡಿಸಿ, ನಡುಪಿನ್ ಮೈನಸ್. ಯಮಹಾ ಕೀಬೋರ್ಡಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುಪಿನ್ ಪ್ಲಸ್. ಕತ್ತಲೆಯಲ್ಲಿ ಅದನ್ನು ಚುಚ್ಚಿ ಸುಟ್ಟುಕೊಂಡ ಪೆಡಲ್ಲುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಬಣ್ಣದ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ.

ನಮ್ಮ ಆರ್ಕೆಸ್ಟ್ರಾಗಳಲ್ಲಿ ಗಿಟಾರಿಗೆ ಬೇರೆ ಆಂಪ್ಲಿಫೈಯರ್ ಇರುವುದು ಅಪರೂಪ. ಮೈಕ್‌ಸೆಟ್ಟಿನವರು ವಯರನ್ನು ನೇರ ಮಿಕ್ಸರಿಗೆ ಚುಚ್ಚುತ್ತಾರೆ. ಪಿಕಪ್ಪಿಗೆ ಬೇಕಾದ್ದು ಸುಮಾರು 1 ಮೆಗಾ ಓಮ್ ಇರುವ ಬಾಯಿ. ಮಿಕ್ಸರಿನ ಲೈನ್ ಬಾಯಿ ಅದಕ್ಕಿಂತ ತುಂಬ ಕಡಿಮೆಯದು, ನಾದ ಅಲ್ಲೇ ಸಾಯುತ್ತದೆ. ಸಾಲಿನಲ್ಲಿ ಬಫರ್ ಇರುವ ಒಂದು ಪೆಡಲ್ ಇದ್ದರೆ, ಅಥವಾ ಡಿಐ ಬಾಕ್ಸ್ ಒಂದಿದ್ದರೆ ಈ ತೊಂದರೆ ತೀರಿತು. ಎಷ್ಟೋ ಜನ ಹೊಸ ಗಿಟಾರಿಗೆ ದುಡ್ಡು ಕೂಡಿಡುವ ಬದಲು ಇದನ್ನು ಮೊದಲು ನೋಡಬೇಕು.

ಜಾಕು, ವಯರು, ಅಡಾಪ್ಟರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ. ಮಂಡ್ಯ, ಮದ್ದೂರಿನವರಿಗೆ ರೈಲು, ಮಳವಳ್ಳಿಯವರು ಬಸ್ಸಿನಲ್ಲೇ ಹೋಗಬೇಕು. ಪೆಡಲ್ ಕೊಳ್ಳಲು ಹೊರಟಾಗ ಬರಿಗೈಯಲ್ಲಿ ಹೋಗಬೇಡಿ, ನಿಮ್ಮದೇ ಗಿಟಾರು, ನಿಮ್ಮದೇ ರಾಡು ಜೊತೆಗಿರಲಿ. ಅಂಗಡಿಯವರು ತಮ್ಮ ಗಿಟಾರಿನಲ್ಲಿ ತೋರಿಸುವ ಚಮತ್ಕಾರ ನೋಡಿ ದುಡ್ಡು ಕೊಡಬೇಡಿ. ಪೆಡಲ್ ಹಾಕಿ, ಷಡ್ಜದಿಂದ ಪಂಚಮಕ್ಕೆ ಒಂದೇ ಮೀಟಿನಲ್ಲಿ ನಿಧಾನವಾಗಿ ಎಳೆಯಿರಿ. ದಾರಿಯಲ್ಲಿ ಬರುವ ರಿಷಭ, ಗಾಂಧಾರ, ಮಧ್ಯಮ ಮೂರೂ ಸ್ಪಷ್ಟವಾಗಿ ಕೇಳಿದರೆ ಕೊಳ್ಳಿ. ಕೇಳದಿದ್ದರೆ, ಎಷ್ಟು ದೊಡ್ಡ ಹೆಸರಿನದ್ದಾದರೂ ಅಲ್ಲೇ ಬಿಟ್ಟು ಬನ್ನಿ.