‘ಬೇಕಿಲ್ಲ’ ಎನ್ನಹೋಗಿ ‘ಕೂಡದು’ ಎಂದೆ

ಕನ್ನಡದ ಅಧ್ಯಾಪಕನೊಬ್ಬನು ಇಂಗ್ಲಿಷು ವ್ಯಾಕರಣದ ವಿಷಯವಾಗಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಆದರೆ ಒಂದು ತಪ್ಪನ್ನು ಮಾಡಿ, ಅದರ ಫಲವನ್ನು ಉಂಡವನಿಗೆ ಆ ತಪ್ಪಿನ ವಿಷಯದಲ್ಲಿ ನಾಲ್ಕು ಮಾತನಾಡುವ ಅಧಿಕಾರವಾದರೂ ಇದೆಯೆಂದು ನಾನು ಭಾವಿಸಿದ್ದೇನೆ.

ನಾನು ಅಧ್ಯಾಪಕನಾಗಿ ಸೇರಿದ ಹೊಸತು. ನಮ್ಮ ಕಾಲೇಜಿನ ಕನ್ನಡ ಸಂಘದ ವಾರ್ಷಿಕ ಸಮಾರಂಭಕ್ಕೆ ನನಗೆ ಬಿ.ಎ. ತರಗತಿಯಲ್ಲಿ ಇಂಗ್ಲಿಷು ಕಲಿಸಿದ ಗುರುಗಳೊಬ್ಬರು ಪ್ರತಿವರ್ಷವೂ ತಪ್ಪದೆ ಬರುತ್ತಿದ್ದರು. ಅವರು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಮೊಣಕಾಲಿನ ನೋವು ಬೇರೆ. ಆ ವರ್ಷ ಸಮಾರಂಭವನ್ನು ಮಹಡಿಯ ಮೇಲಿನ ಸಭಾಂಗಣದಲ್ಲಿ ಏರ್ಪಡಿಸಲಾಗಿತ್ತು. ಅಷ್ಟು ಮೆಟ್ಟಿಲುಗಳನ್ನು ಅವರು ಹತ್ತುವುದಾದರೂ ಹೇಗೆ? ‘ತಾವು ಶ್ರಮಪಟ್ಟು ಬರಬೇಕಾಗಿಲ್ಲ’ ಎಂದು ತಿಳಿಸುವುದು ಶಿಷ್ಯಧರ್ಮವೆಂದು ಬಗೆದು ಒಂದು ಪತ್ರ ಬರೆದೆ. ಕನ್ನಡದಲ್ಲಿ ಬರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಂಗ್ಲಿಷಿನ ಗುರುಗಳಿಗೆ ಇಂಗ್ಲಿಷಿನಲ್ಲೇ ಬರೆದು ಮೆಚ್ಚುಗೆ ಪಡೆಯಬೇಕೆಂಬ ಚಪಲ ನನ್ನದು. ‘ಈ ವರ್ಷ ಸಭೆ ಮಹಡಿಯ ಮೇಲೆ ನಡೆಯುತ್ತದೆ’ ಎಂದು ತಿಳಿಸಿ, ಅದರ ಮುಂದೆ ‘ಯೂ ಮಸ್ಟ್ ನಾಟ್ ಕಮ್’ ಎಂದು ಬರೆದು ಅಂಚೆಗೆ ಹಾಕಿದೆ.

ಗುರುಗಳು ಬರಲಿಲ್ಲ. ಮುಂದಿನ ಸಾಲಿನಲ್ಲಿ ಅವರು ಕುಳಿತುಕೊಳ್ಳುತ್ತಿದ್ದ ಕುರ್ಚಿ ಬರಿದಾಗಿಯೇ ಇತ್ತು. ನನ್ನ ವಿವೇಕಕ್ಕೆ ನಾನೇ ಸಂತೋಷಪಟ್ಟುಕೊಂಡೆ.

ಎರಡು ತಿಂಗಳು ಕಳೆದ ಮೇಲೆ ಅವರ ಮನೆಗೆ ಹೋದೆ. ಉಪಚಾರದ ಮಾತುಗಳೆಲ್ಲ ಮುಗಿದವು. ಅವರು ಮೇಜಿನ ಮೇಲಿದ್ದ ನಿಘಂಟಿನ ನಡುವಿನಿಂದ ನನ್ನ ಪತ್ರವನ್ನು ತೆಗೆದು ಮುಂದಿಟ್ಟರು.

“ಇದು ನೀನೇ ಬರೆದದ್ದೇನಪ್ಪಾ?”

“ಹೌದು ಸಾರ್. ತಮಗೆ ಶ್ರಮವಾಗಬಾರದೆಂದು...”

“ನನ್ನನ್ನು ಬರಕೂಡದು ಎಂದು ಬರೆದಿದ್ದೀಯೆ. ನೀನು ಹಾಗೆ ಬರೆಯುವವನಲ್ಲ ಎಂದು ನನಗೆ ಗೊತ್ತು. ಆದರೂ ಇದನ್ನು ಓದಿದ ಮೇಲೆ ಹೊರಡುವುದಕ್ಕೆ ಕಾಲು ಏಳಲಿಲ್ಲ.”

ನಾನು ತಲೆ ತಗ್ಗಿಸಿ ಕುಳಿತೆ. ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ಸರಿಪಡಿಸಿಕೊಂಡು, ಇಪ್ಪತ್ತು ವರ್ಷದ ಹುಡುಗನಿಗೆ ಹೇಳುವಂತೆ ಪಾಠ ಹೇಳಿದರು. ಅಂದು ಕೇಳಿದ್ದಕ್ಕೆ ಅನಂತರ ನಾನಾಗಿ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತಿದ್ದೇನೆ.

ಕ್ಯಾನ್, ಮೇ, ಮಸ್ಟ್, ಶಲ್, ವಿಲ್ ಮೊದಲಾದ ಸಹಾಯಕ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಒಂದು ವಿಶಿಷ್ಟ ಕುಲ. ಕರ್ತೃ ಯಾರೇ ಆಗಲಿ ಇವುಗಳ ರೂಪ ಬದಲಾಗದು. ಇವುಗಳ ಬೆನ್ನಿಗೆ ಮೂಲ ಕ್ರಿಯಾಪದವೇ ಬರಬೇಕು. ನಡುವೆ ‘ಟು’ ಎಂಬುದಕ್ಕೆ ಪ್ರವೇಶವಿಲ್ಲ. ‘ಹಿ ಕ್ಯಾನ್ಸ್’ ಎಂಬುದೂ ‘ಮಸ್ಟ್ ಟು ಗೋ’ ಎಂಬುದೂ ಆದಕಾರಣ ಅಶುದ್ಧ. ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುವ ‘ಕ್ಯಾನ್ ಏಬಲ್ ಟು’ ಎಂಬುದು ಒಂದೇ ಅರ್ಥವನ್ನು ಎರಡು ಸಲ ಹೇಳಿದಂತೆ. ಈ ಲಕ್ಷಣ ಕನ್ನಡಿಗನಿಗೆ ಅಪರಿಚಿತವೇನೂ ಅಲ್ಲ. ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ನಮ್ಮ ‘ಬೇಕು’, ‘ಬಹುದು’, ‘ಕೂಡದು’ಗಳೂ ಯಾರಿಗೂ ತಲೆಬಾಗದ ಪದಗಳೇ.

ಇವುಗಳ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ‘ಕ್ಯಾನ್’ ಎಂಬುದಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ‘ತಿಳಿದಿರು’ ಎಂದರ್ಥ. ತಿಳಿದವನು ಮಾಡಲು ಶಕ್ತನಾದನು. ನಮ್ಮ ‘ಬಲ್ಲ’ನ ಕಥೆಯೂ ಇದೇ ಅಲ್ಲವೆ? ‘ಶಾಸ್ತ್ರವನ್ನು ಬಲ್ಲನು’ ಎಂದರೆ ಅರಿವು. ‘ಈಜಬಲ್ಲನು’ ಎಂದರೆ ಶಕ್ತಿ. ‘ವಿಲ್’ ಎಂಬುದು ಮೊದಲು ಬಯಕೆ. ‘ಶಲ್’ ಎಂಬುದು ಸಲ್ಲಿಸಬೇಕಾದ ಋಣ. ‘ಆಟ್’ ಎಂಬುದೂ ಸಾಲದ ‘ಓ’ ಎಂಬ ಧಾತುವಿನಿಂದಲೇ ಬಂದದ್ದು. ಅಂದರೆ ಇಂಗ್ಲಿಷಿನವರ ಕರ್ತವ್ಯ ಋಣದಿಂದ ಹುಟ್ಟಿತು. ನಮ್ಮ ‘ಬೇಕು’ ಎಂಬುದಾದರೋ ‘ಬೇಡು’ ಎಂಬುದರ ನಂಟಿನದು. ‘ನೀರು ಬೇಕು’ ಎಂಬ ಬಯಕೆಗೂ ‘ಹೋಗಬೇಕು’ ಎಂಬ ಕರ್ತವ್ಯಕ್ಕೂ ಪದ ಒಂದೇ. ‘ಬಹುದು’, ‘ಬಾರದು’ ಎಂಬ ಎರಡೂ ‘ಬರು’ ಧಾತುವಿನ ಮಕ್ಕಳು.

ನಾನು ಎಡವಿದ್ದು ನಿಷೇಧದಲ್ಲಿ. ಕನ್ನಡದಲ್ಲಿ ‘ಬೇಕು’ ಎಂಬುದಕ್ಕೆ ‘ಇಲ್ಲ’ ಸೇರಿಸಿದರೆ ‘ಬೇಕಿಲ್ಲ’ ಎಂದಾಗುತ್ತದೆ, ಅಗತ್ಯವೇ ಇಲ್ಲವಾಗುತ್ತದೆ. ಇಂಗ್ಲಿಷಿನ ‘ಮಸ್ಟ್ ನಾಟ್’ನಲ್ಲಿ ‘ಮಸ್ಟ್’ ಎಂಬುದರ ಬಿಗಿ ಹಾಗೆಯೇ ಉಳಿಯುತ್ತದೆ. ‘ನಾಟ್’ ಎಂಬುದು ಮುಂದಿನ ಕ್ರಿಯೆಗೆ ತಗಲುತ್ತದೆ. ‘ಬಾರದಿರುವುದು ಅವಶ್ಯ’ ಎಂದು ಅದರ ಅರ್ಥ; ಎಂದರೆ ಬರಕೂಡದು. ನನಗೆ ಬೇಕಾಗಿದ್ದುದು ‘ನೀಡ್ ನಾಟ್’. ಒಂದು ಸಣ್ಣ ಪದ ತಪ್ಪಿತು, ಉಪಚಾರವು ಬಹಿಷ್ಕಾರವಾಯಿತು.

‘ಮೇ’ ಎಂಬ ಪದದ ಇಬ್ಬಗೆ ಇದಕ್ಕಿಂತ ಸೂಕ್ಷ್ಮವಾದದ್ದು. ಅದು ಅನುಮತಿಯನ್ನೂ ಹೇಳುತ್ತದೆ, ಸಾಧ್ಯತೆಯನ್ನೂ ಹೇಳುತ್ತದೆ. ‘ಹಿ ಮೇ ನಾಟ್ ಕಮ್’ ಎಂದರೆ ‘ಅವನು ಬರಕೂಡದು’ ಎಂದೂ ಆಗಬಹುದು, ‘ಬಾರದೆ ಇರಬಹುದು’ ಎಂದೂ ಆಗಬಹುದು. ಕಾನೂನಿನಲ್ಲಿ ‘ಮೇ’ ಎಂದರೆ ಸಾಮಾನ್ಯವಾಗಿ ಅವಕಾಶ, ‘ಶಲ್’ ಎಂದರೆ ವಿಧಿ. ನಮ್ಮ ಕನ್ನಡದ ಶಾಸನಗಳಲ್ಲಿ ಮೊದಲನೆಯದಕ್ಕೆ ‘ಮಾಡಬಹುದು’ ಎಂದೂ ಎರಡನೆಯದಕ್ಕೆ ‘ಮಾಡತಕ್ಕದ್ದು’ ಎಂದೂ ಬರೆಯುತ್ತಾರೆ.

ಈ ಎರಡು ಪದಗಳ ನಡುವಣ ಅಂತರವು ಒಮ್ಮೆ ದೇಶದ ಚರಿತ್ರೆಯನ್ನೇ ಕಲಕಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಕೇಂದ್ರ ಸರ್ಕಾರದ ವ್ಯವಹಾರದಲ್ಲಿ ಇಂಗ್ಲಿಷಿಗೆ ಹದಿನೈದು ವರ್ಷಗಳ ಅವಧಿ ಕೊಟ್ಟಿತ್ತು. ಅದು ಮುಗಿಯುವ ಮೊದಲೇ, 1963ರಲ್ಲಿ, ಸಂಸತ್ತು ಅಧಿಕೃತ ಭಾಷೆಗಳ ಅಧಿನಿಯಮವನ್ನು ಮಾಡಿತು. ಅವಧಿ ಕಳೆದ ಮೇಲೂ ಹಿಂದಿಯ ಜೊತೆಗೆ ಇಂಗ್ಲಿಷನ್ನು ಬಳಸುತ್ತ ಹೋಗಲು ಅದು ಎಡೆಮಾಡಿಕೊಟ್ಟಿತು. ಆದರೆ ಅಲ್ಲಿದ್ದ ಪದ ‘ಮೇ’. ‘ಮೇ ಎಂದರೆ ಮೇ ನಾಟ್ ಎಂದೂ ಆದೀತು, ಶಲ್ ಎಂದೇ ಬರೆಯಿರಿ’ ಎಂಬುದು ವಿರೋಧಿಸಿದವರ ಕೇಳಿಕೆ. ಇಲ್ಲಿ ‘ಮೇ’ ಎಂಬುದು ‘ಶಲ್’ ಎಂಬ ಅರ್ಥವನ್ನೇ ಕೊಡುತ್ತದೆಂಬುದು ಪ್ರಧಾನಿ ನೆಹರೂ ಅವರ ನಿಲುವು. 1964ರಲ್ಲಿ ನೆಹರೂ ತೀರಿಕೊಂಡರು. 1965ರ ಜನವರಿಯಲ್ಲಿ ಅವಧಿ ಮುಗಿಯುವ ಹೊತ್ತಿಗೆ ಮದ್ರಾಸು ರಾಜ್ಯದಲ್ಲಿ ಭುಗಿಲೆದ್ದ ಚಳವಳಿಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಕೊನೆಗೆ 1967ರ ತಿದ್ದುಪಡಿಯು, ಹಿಂದಿಯನ್ನು ಸ್ವೀಕರಿಸದ ರಾಜ್ಯಗಳೊಡನೆ ಕೇಂದ್ರವು ನಡೆಸುವ ಪತ್ರವ್ಯವಹಾರಕ್ಕೆ ಇಂಗ್ಲಿಷನ್ನು ಬಳಸತಕ್ಕದ್ದೆಂದು ವಿಧಿಸಿತು. ಅಂತಹ ಎಲ್ಲ ರಾಜ್ಯಗಳ ವಿಧಾನಮಂಡಲಗಳೂ ಒಪ್ಪಿ ನಿರ್ಣಯ ಮಾಡುವವರೆಗೆ ಈ ವ್ಯವಸ್ಥೆ ನಿಲ್ಲತಕ್ಕದ್ದೆಂದೂ ಹೇಳಿತು. ಆ ಚಳವಳಿಯ ಕಾರಣಗಳು ಒಂದು ಪದಕ್ಕಿಂತ ದೊಡ್ಡವು, ನಿಜ. ಆದರೆ ನಂಬಿಕೆ ಕುಂದಿದ ಕಡೆ ಸಹಾಯಕ ಕ್ರಿಯಾಪದವೂ ಸಂಶಯಕ್ಕೆ ಪಾತ್ರವಾಗುತ್ತದೆ.

ಇನ್ನು ಶಲ್–ವಿಲ್‌ಗಳ ಪ್ರಸಿದ್ಧ ನಿಯಮ. ಜಾನ್ ವಾಲಿಸ್ ಎಂಬ ಗಣಿತಜ್ಞನು 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷು ವ್ಯಾಕರಣದಲ್ಲಿ ಇದನ್ನು ಸೂತ್ರೀಕರಿಸಿದನು. ಉತ್ತಮ ಪುರುಷದಲ್ಲಿ ‘ಶಲ್’ ಎಂದರೆ ಬರಿಯ ಭವಿಷ್ಯತ್ತು, ‘ವಿಲ್’ ಎಂದರೆ ಸಂಕಲ್ಪ ಅಥವಾ ವಾಗ್ದಾನ. ಉಳಿದೆರಡು ಪುರುಷಗಳಲ್ಲಿ ಇದು ತಿರುಗುಮುರುಗು. ನೀರಿನಲ್ಲಿ ಮುಳುಗುತ್ತಿದ್ದ ಪರದೇಶಿಯೊಬ್ಬನು ಈ ಎರಡನ್ನು ಅದಲುಬದಲು ಮಾಡಿ ಕೂಗಿಕೊಂಡನಂತೆ. ‘ನಾನು ಮುಳುಗಿಯೇ ತೀರುತ್ತೇನೆ, ಯಾರೂ ನನ್ನನ್ನು ಉಳಿಸಕೂಡದು’ ಎಂದು ಅರ್ಥವಾಗಿ, ದಡದಲ್ಲಿದ್ದವರು ಸುಮ್ಮನೆ ನಿಂತರಂತೆ! 1906ರಲ್ಲಿ ‘ದಿ ಕಿಂಗ್ಸ್ ಇಂಗ್ಲಿಷ್’ ಬರೆದ ಫೌಲರ್ ಸಹೋದರರು, ದಕ್ಷಿಣ ಇಂಗ್ಲೆಂಡಿನವರಿಗೆ ಇದು ಹುಟ್ಟಿನಿಂದ ಬಂದದ್ದು, ಹೊರಗಿನವರಿಗೆ ದಕ್ಕುವುದು ದುಸ್ಸಾಧ್ಯ ಎಂದರು. ಈಗ ಅವರ ನಾಡಿನಲ್ಲಿಯೂ ಈ ಕಟ್ಟುನಿಟ್ಟು ಸಡಿಲವಾಗಿದೆ. ‘ಐ ವಿಲ್’ ಎಂಬುದೇ ವಾಡಿಕೆ. ಪ್ರಶ್ನೆಯಲ್ಲಿ ಮಾತ್ರ ‘ಶಲ್’ ಇನ್ನೂ ಜೀವಂತವಾಗಿದೆ. ‘ಶಲ್ ಐ ಓಪನ್ ದಿ ಡೋರ್?’ ಎಂದರೆ ನಮ್ಮ ‘ಬಾಗಿಲು ತೆರೆಯಲೇ?’, ‘ಶಲ್ ವಿ ಗೋ?’ ಎಂದರೆ ‘ಹೋಗೋಣವೇ?’ ಈ ‘ಅಲೇ’, ‘ಓಣವೇ’ಗಳನ್ನು ನೆನೆದರೆ ಕನ್ನಡದ ವಿದ್ಯಾರ್ಥಿ ಇಲ್ಲಿ ತಪ್ಪಲಾರನು.

ಕನ್ನಡದ ಅಧ್ಯಾಪಕನಾಗಿ ನಾನು ಕಂಡುಕೊಂಡ ಸತ್ಯವಿಷ್ಟೇ. ಈ ಪದಗಳನ್ನು ಕಲಿಯುವವನು ಪದಕ್ಕೆ ಪದ ಇಟ್ಟು ಅಳೆಯಬಾರದು. ಇಲ್ಲಿ ಅನುಮತಿಯೇ, ಅಗತ್ಯವೇ, ನಿಷೇಧವೇ, ಊಹೆಯೇ ಎಂದು ಮೊದಲು ತನ್ನ ಭಾಷೆಯಲ್ಲಿ ತನ್ನನ್ನೇ ಕೇಳಿಕೊಳ್ಳಬೇಕು. ಬರಬೇಕಿಲ್ಲ, ಬರಬೇಡ, ಬರಬಾರದು, ಬರಲಾರ ಎಂಬ ನಾಲ್ಕರ ಭೇದವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿದವನಿಗೆ ಇಂಗ್ಲಿಷಿನ ಭೇದವೂ ತಿಳಿಯುತ್ತದೆ. ತಾಯ್ನುಡಿಯ ವ್ಯಾಕರಣವನ್ನು ಅಲಕ್ಷಿಸಿ ಇಂಗ್ಲಿಷನ್ನು ಗೆಲ್ಲಲು ಹೊರಟವನು ನನ್ನಂತೆ ಗುರುದ್ರೋಹಕ್ಕೆ ಗುರಿಯಾದಾನು.

ಅಂದು ಹೊರಡುವಾಗ ನಮಸ್ಕರಿಸಿ, “ತಾವು ಬರಬೇಕಾಗಿತ್ತು ಸಾರ್” ಎಂದೆ.

ಗುರುಗಳು ನಕ್ಕರು. “‘ಶುಡ್ ಹ್ಯಾವ್ ಕಮ್’ ಎಂದರೂ ಅದೇ ಅರ್ಥ. ಬರಲಿಲ್ಲ ಎಂಬ ವ್ಯಥೆ ಎರಡು ಭಾಷೆಯಲ್ಲೂ ಆ ಮಾತಿನಲ್ಲೇ ಅಡಗಿದೆ, ನೋಡು” ಎಂದರು.

ಮರುವರ್ಷ ಸಮಾರಂಭವನ್ನು ಹಟಹಿಡಿದು ಕೆಳಗಿನ ಅಂಗಳದಲ್ಲಿಯೇ ಏರ್ಪಡಿಸಿದೆ. ಕನ್ನಡದಲ್ಲಿಯೇ ಪತ್ರ ಬರೆದೆ: ‘ತಾವು ಬರಲೇಬೇಕು.’ ಉತ್ತರವಾಗಿ ಒಂದು ಕಾರ್ಡು ಬಂತು. ನಡುಗುವ ಕೈಯ ಅಕ್ಷರಗಳಲ್ಲಿ ಇಂಗ್ಲಿಷಿನ ಮೂರೇ ಪದಗಳು: ‘ಐ ವಿಲ್ ಕಮ್.’ ಹಳೆಯ ನಿಯಮವನ್ನು ಎಂದೂ ಮೀರದ ಗುರುಗಳು ಅವರು. ಅದು ಭವಿಷ್ಯತ್ತಲ್ಲ, ವಾಗ್ದಾನವೆಂದು ಅರಿತು ಮುಂದಿನ ಸಾಲಿನ ಕುರ್ಚಿಯನ್ನು ನಾನೇ ಒರೆಸಿಟ್ಟೆ.

ಅವರು ಬಂದರು.